ನಿದ್ದೆಯಲ್ಲಿ ಬರುವ ಫಿಟ್ಸ್: ಸುಳಿವು ಹಿಡಿಯುವುದು, ರಾತ್ರಿ ಸಂಭಾಳಿಸುವುದು

ಹಗಲಲ್ಲಿ ಬರುವ ಫಿಟ್ಸ್ ಯಾರಾದರೂ ಒಬ್ಬರ ಕಣ್ಣಿಗೆ ಬೀಳುತ್ತದೆ. ನಿದ್ದೆಯಲ್ಲಿ ಬರುವುದು ಹಾಗಲ್ಲ. ಬಂದವರಿಗೆ ನೆನಪಿರುವುದಿಲ್ಲ, ಪಕ್ಕದಲ್ಲಿ ಮಲಗಿದವರು ಅರೆನಿದ್ದೆಯಲ್ಲಿರುತ್ತಾರೆ, ಒಬ್ಬರೇ ಮಲಗುವವರಾದರೆ ವರ್ಷಗಟ್ಟಲೆ ಗೊತ್ತೇ ಆಗದಿರಬಹುದು. ಹಾಗಾಗಿ ಇಲ್ಲಿ ಅರ್ಧ ಕೆಲಸ ಸುಳಿವು ಕೂಡಿಸುವುದು. ಇನ್ನರ್ಧ, ಫಿಟ್ಸ್ ಬಂದ ರಾತ್ರಿ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರುವುದು. ಹೆಚ್ಚಿನವರು ಎಡವುವುದು ಅದುರುವಿಕೆ ನಡೆಯುತ್ತಿರುವಾಗ ಅಲ್ಲ, ಅದು ನಿಂತ ಮೇಲೆ. “ಸದ್ಯ, ನಿಂತಿತಲ್ಲ” ಎಂದು ದೀಪ ಆರಿಸಿ ಮಲಗಿಬಿಡುತ್ತಾರೆ. ಕಣ್ಣಿಟ್ಟು ನೋಡಬೇಕಾದ ಹೊತ್ತು ಶುರುವಾಗುವುದೇ ಆಗ.

ಬೆಳಿಗ್ಗೆ ಸಿಗುವ ಸುಳಿವುಗಳು

ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್‌ಗೆ ವೈದ್ಯರು ಟಾನಿಕ್-ಕ್ಲೋನಿಕ್ ಎನ್ನುತ್ತಾರೆ. ರಾತ್ರಿ ಅದು ಬಂದುಹೋಗಿದ್ದರೆ ಬೆಳಿಗ್ಗೆ ಮೈಯೇ ಹೇಳುತ್ತದೆ. ಮೊದಲು ನಾಲಿಗೆ ಚಾಚಿ ಕನ್ನಡಿಯಲ್ಲಿ ನೋಡಿ. ತುದಿಯಲ್ಲಲ್ಲ, ಪಕ್ಕದ ಅಂಚಿನಲ್ಲಿ ಹಲ್ಲು ಊರಿದ ಗಾಯವಿದ್ದರೆ ಅದು ಬಲವಾದ ಸುಳಿವು. ತುದಿಯ ಗಾಯ ಬೇರೆ ಕಾರಣಕ್ಕೂ ಆಗುತ್ತದೆ. ಆಮೇಲೆ ದಿಂಬು: ರಕ್ತ ಬೆರೆತ ಜೊಲ್ಲಿನ ಕಲೆ ಇದೆಯೇ? ಹಾಸಿಗೆ ಒದ್ದೆಯಾಗಿದೆಯೇ? ಹಿಂದಿನ ದಿನ ಮೂಟೆ ಹೊತ್ತವರಂತೆ ತೊಡೆ, ಬೆನ್ನು, ಭುಜ ನೋಯುತ್ತಿವೆಯೇ? ತಲೆನೋವು, ಎಷ್ಟು ಹೊತ್ತಾದರೂ ಬಿಡದ ಮಂಕು ಇವೆಯೇ? ಕಣ್ಣಿನ ಸುತ್ತ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಎದ್ದಿರುವುದೂ ಉಂಟು. ಎದೆ ಬಿಗಿದು ಒತ್ತಡ ಏರಿದಾಗ ಸಣ್ಣ ರಕ್ತನಾಳಗಳು ಒಡೆದು ಹಾಗಾಗುತ್ತದೆ.

ತೋಳು ಎತ್ತಲು, ಹೊರಕ್ಕೆ ತಿರುಗಿಸಲು ಆಗದಷ್ಟು ಭುಜ ನೋಯುತ್ತಿದ್ದರೆ ಎಕ್ಸ್-ರೇ ಆಗಲೇಬೇಕು. ಸೆಳವಿನ ರಭಸಕ್ಕೆ ಭುಜದ ಕೀಲು ಹಿಂದಕ್ಕೆ ತಪ್ಪಿರಬಹುದು. ಮುಂದಿನಿಂದ ಮಾತ್ರ ತೆಗೆದ ಎಕ್ಸ್-ರೇಯಲ್ಲಿ ಇದು ಕಣ್ತಪ್ಪುವುದು ಮಾಮೂಲು, ಪಕ್ಕದ ಕೋನದಿಂದಲೂ ತೆಗೆಯಿರಿ ಎಂದು ಕೇಳಿ.

ಈ ಸುಳಿವುಗಳಲ್ಲಿ ಯಾವುದೋ ಒಂದು ಒಂದು ದಿನ ಕಂಡಿತೆಂದು ಗಾಬರಿಯಾಗಬೇಕಿಲ್ಲ. ಎರಡು ಮೂರು ಒಟ್ಟಿಗೆ ಕಂಡರೆ, ಅಥವಾ ಮತ್ತೆ ಮತ್ತೆ ಕಂಡರೆ, ನರರೋಗ ತಜ್ಞರನ್ನು ಕಾಣಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಾತ್ರ ಮೊದಲ ಅನುಮಾನ ಬೇರೆಯೇ ಇರಲಿ. ನಡುರಾತ್ರಿ ರಕ್ತದ ಸಕ್ಕರೆ ತೀರಾ ಇಳಿದರೂ ಹೀಗೆಯೇ ಫಿಟ್ಸ್ ಬರುತ್ತದೆ. ಗ್ಲುಕೋಮೀಟರ್ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಮ್‌ಗಿಂತ ಕೆಳಗಿದ್ದರೆ ಕಡಿಮೆ, 54ಕ್ಕಿಂತ ಕೆಳಗಿದ್ದರೆ ಅಪಾಯ. ಎಚ್ಚರವಿಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ನಿದ್ದೆಯಲ್ಲೇ ಏಕೆ

ಎಚ್ಚರವಿದ್ದಾಗ ಮೆದುಳಿನ ಜೀವಕೋಶಗಳು ತಮ್ಮ ತಮ್ಮ ಕೆಲಸದಲ್ಲಿ ಚದುರಿರುತ್ತವೆ. ಕನಸಿಲ್ಲದ ನಿದ್ದೆಗೆ ಜಾರಿದಂತೆ ದೊಡ್ಡ ದೊಡ್ಡ ಗುಂಪುಗಳು ಒಂದೇ ತಾಳಕ್ಕೆ ಬೀಳುತ್ತವೆ. ಫಿಟ್ಸ್ ಎಂದರೂ ಅಷ್ಟೇ, ಮಿತಿಮೀರಿದ ಒಕ್ಕೂಟದ ಮಿಡಿತ. ತಾಳ ಮೊದಲೇ ಕೂಡಿರುವ ಹೊತ್ತಿನಲ್ಲಿ ಕಿಡಿ ಹೊತ್ತುವುದು, ಹಬ್ಬುವುದು ಸುಲಭ. ಕನಸು ಕಾಣುವ ರೆಮ್ ನಿದ್ದೆಯಲ್ಲಿ ಈ ಒಕ್ಕೂಟ ಮತ್ತೆ ಒಡೆಯುವುದರಿಂದ ಆಗ ಫಿಟ್ಸ್ ಅಪರೂಪ. ಬಹುಪಾಲು ಬರುವುದು ಹಗುರ ನಿದ್ದೆಯ ಮೊದಲೆರಡು ಹಂತಗಳಲ್ಲಿ. ಮಧ್ಯಾಹ್ನದ ಮಂಪರಿಗೂ ಇದೇ ಲೆಕ್ಕ.

ಫಿಟ್ಸೋ, ಬೇರೇನೋ

ನಿದ್ದೆಯಲ್ಲಿ ಕೈಕಾಲು ಆಡುವುದೆಲ್ಲ ಫಿಟ್ಸ್ ಅಲ್ಲ. ನಿದ್ದೆಗೆ ಜಾರುವಾಗ ಒಮ್ಮೆ ಬೆಚ್ಚಿಬಿದ್ದಂತೆ ಮೈ ಜಿಗಿಯುವುದು ಎಲ್ಲರಿಗೂ ಆಗುವಂಥದ್ದು. ನಿದ್ದೆಯುದ್ದಕ್ಕೂ 20-40 ಸೆಕೆಂಡಿಗೊಮ್ಮೆ ಹೆಬ್ಬೆರಳು, ಪಾದ ಎಳೆದು ಬಿಡುತ್ತಿದ್ದರೆ ಅದು ಕಾಲಾಟದ ತೊಂದರೆ. ಐವತ್ತು ದಾಟಿದವರು ಬೆಳಗಿನ ಜಾವದ ಕಡೆ ಕನಸಿನಲ್ಲಿ ಜಗಳವಾಡಿದಂತೆ ಗುದ್ದಿ, ಒದ್ದು, ಎಬ್ಬಿಸಿದರೆ ಕನಸು ಹೇಳುತ್ತಾರೆಂದರೆ ಅದು ರೆಮ್ ನಿದ್ದೆಯ ದೋಷ. ಅದಕ್ಕೂ ವೈದ್ಯರನ್ನು ಕಾಣಬೇಕು, ಆದರೆ ಅದು ಫಿಟ್ಸ್ ಅಲ್ಲ.

ಬಿಡಿಸಲು ಕಷ್ಟವಾಗುವುದು ಎರಡರ ನಡುವೆ: ಮಕ್ಕಳ ನಿದ್ದೆಯ ಭೀತಿ, ಮತ್ತು ಸ್ಲೀಪ್ ಹೈಪರ್‌ಮೋಟರ್ ಎಪಿಲೆಪ್ಸಿ (ಎಪಿಲೆಪ್ಸಿ ಎಂದರೆ ಅಪಸ್ಮಾರ, ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ) ಎಂಬ ಫಿಟ್ಸ್. ಎರಡರಲ್ಲೂ ಚೀರಾಟ, ಎದ್ದು ಕೂರುವುದು, ಹೆದರಿದ ಮುಖ. ಗಡಿಯಾರ ನೋಡಿದರೆ ವ್ಯತ್ಯಾಸ ಕಾಣುತ್ತದೆ. ನಿದ್ದೆಯ ಭೀತಿ ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ, ಸಾಮಾನ್ಯವಾಗಿ ರಾತ್ರಿಗೆ ಒಂದು ಸಲ ಬರುತ್ತದೆ, ಹಲವು ನಿಮಿಷ ಎಳೆಯುತ್ತದೆ, ನಿಧಾನಕ್ಕೆ ತಣ್ಣಗಾಗುತ್ತದೆ, ಒಂದೊಂದು ಸಲ ಒಂದೊಂದು ಬಗೆ. ಹೈಪರ್‌ಮೋಟರ್ ಫಿಟ್ಸ್ ರಾತ್ರಿಯ ಯಾವ ಹೊತ್ತಿನಲ್ಲಾದರೂ ಬರುತ್ತದೆ, ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುತ್ತದೆ, ಎರಡು ನಿಮಿಷ ದಾಟುವುದು ಕಡಿಮೆ, ಒಂದೇ ರಾತ್ರಿ ಹತ್ತಾರು ಸಲ ಬರಬಲ್ಲದು. ಎಲ್ಲಕ್ಕಿಂತ ಮುಖ್ಯವಾದದ್ದು ಪಡಿಯಚ್ಚಿನ ಗುಣ: ಅದೇ ಕೈ ಮೇಲೆ ಹೋಗುತ್ತದೆ, ಅದೇ ಕಾಲು ಸೈಕಲ್ ತುಳಿಯುತ್ತದೆ, ಅದೇ ಸದ್ದು. ಕೆಲವರು ಆಗ ಎಚ್ಚರವಾಗಿಯೇ ಇರುತ್ತಾರೆ, ಮಾತಾಡಲು ಮಾತ್ರ ಆಗುವುದಿಲ್ಲ. ಇದನ್ನು “ನಾಟಕ” ಎಂದು ತಳ್ಳಿಹಾಕಿದ ಕುಟುಂಬಗಳು ಕಡಿಮೆಯಿಲ್ಲ. ಆ ಅನ್ಯಾಯಕ್ಕೆ ಕಾರಣ ಅದರ ವಿಚಿತ್ರ ರೂಪ. ಹಿಂದೆ ಇದಕ್ಕೆ ರಾತ್ರಿಯ ಫ್ರಾಂಟಲ್ ಲೋಬ್ (ಮೆದುಳಿನ ಮುಂಭಾಗ) ಎಪಿಲೆಪ್ಸಿ ಎಂಬ ಹೆಸರಿತ್ತು. ಬರುವುದು ನಿದ್ದೆಯಲ್ಲೇ ಹೊರತು ರಾತ್ರಿಯಲ್ಲಿ ಮಾತ್ರವಲ್ಲ, ಹುಟ್ಟುವ ಜಾಗವೂ ಯಾವಾಗಲೂ ಫ್ರಾಂಟಲ್ ಲೋಬ್ ಅಲ್ಲ ಎಂದು ಗೊತ್ತಾದ ಮೇಲೆ ಹೆಸರು ಬದಲಾಯಿತು. ಕೆಲವು ಮನೆತನಗಳಲ್ಲಿ ಇದು ವಂಶದಲ್ಲಿ ಇಳಿದುಬರುತ್ತದೆ. ಅಂಥ ಮನೆತನಗಳ ಅಧ್ಯಯನದಿಂದಲೇ 1995ರಲ್ಲಿ ಸಿಎಚ್‌ಆರ್‌ಎನ್‌ಎ4 ಎಂಬ ಜೀನ್‌ನ ದೋಷ ಪತ್ತೆಯಾದದ್ದು.

ಇನ್ನೆರಡು ಬಗೆ ಗೊತ್ತಿರಲಿ. ಶಾಲೆಗೆ ಹೋಗುವ ವಯಸ್ಸಿನ ಮಗು ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಅಥವಾ ಏಳುವ ಮುಂಚೆ ಮುಖದ ಒಂದೇ ಪಕ್ಕ ಎಳೆಯುತ್ತಾ, ಗಂಟಲಲ್ಲಿ ಗೊರಗೊರ ಸದ್ದು ಮಾಡುತ್ತಾ, ಜೊಲ್ಲು ಸುರಿಸುತ್ತಾ, ಎಚ್ಚರವಿದ್ದೂ ಮಾತು ಬಾರದೆ ನಿಮ್ಮನ್ನೇ ನೋಡುತ್ತಿದ್ದರೆ ಅದು ರೊಲ್ಯಾಂಡಿಕ್ ಎಪಿಲೆಪ್ಸಿ ಇರಬಹುದು. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಎರಡನೆಯದು ಎದ್ದ ಮೇಲಿನ ಒಂದು ಗಂಟೆಯದು. ಹದಿಹರೆಯದವರ ಕೈಯಿಂದ ಹಲ್ಲುಜ್ಜುವ ಬ್ರಷ್ ಹಾರಿಬೀಳುತ್ತದೆ, ಲೋಟ ಚೆಲ್ಲುತ್ತದೆ, ಮನೆಯವರು ಅಜಾಗರೂಕತೆ ಎಂದು ಬೈಯುತ್ತಾರೆ. ಅದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿಯ ಜಗ್ಗುಗಳಿರಬಹುದು. ನಿದ್ದೆಗೆಟ್ಟ ಮರುದಿನ ಇವು ಹೆಚ್ಚುತ್ತವೆ. ವೈದ್ಯರು ಕೇಳದಿದ್ದರೂ ನೀವಾಗಿ ಹೇಳಿ, ಏಕೆಂದರೆ ಔಷಧಿಯ ಆಯ್ಕೆಯೇ ಇದರ ಮೇಲೆ ನಿಂತಿದೆ.

ಮೊಬೈಲ್ ವಿಡಿಯೊ

ಒಂದು ಒಳ್ಳೆಯ ವಿಡಿಯೊ ಹತ್ತು ಪುಟದ ವಿವರಣೆಗಿಂತ ಮೇಲು. ಕೋಣೆಯ ಮೂಲೆಯಲ್ಲಿ, ಹಾಸಿಗೆಯ ಕಾಲುಕಡೆ, ಕತ್ತಲಲ್ಲೂ ಕಾಣುವ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು ರಾತ್ರಿಯಿಡೀ ದಾಖಲಿಸಿದರೆ ಉತ್ತಮ. ಫಿಟ್ಸ್ ಶುರುವಾಗುವ ಮೊದಲ ಹತ್ತು ಸೆಕೆಂಡು ಸಿಗುವುದು ಹಾಗೆ ಮಾತ್ರ. ಶುರು ಎಲ್ಲಿಂದ ಎಂಬುದೇ ವೈದ್ಯರಿಗೆ ಬೇಕಾದದ್ದು: ತಲೆ ಯಾವ ಕಡೆ ತಿರುಗಿತು, ಮೊದಲು ಅಲುಗಿದ್ದು ಯಾವ ಕೈ, ಕಣ್ಣು ತೆರೆದಿತ್ತೇ. ಕಡಿಮೆ ಬೆಲೆಯ ಕ್ಯಾಮೆರಾಗಳು ಅಲುಗಾಟ ಕಂಡ ಮೇಲಷ್ಟೇ ದಾಖಲೆ ಶುರುಮಾಡುತ್ತವೆ. ಆ ಸೆಟ್ಟಿಂಗ್ ತೆಗೆದು ಸತತ ದಾಖಲೆಗೆ ಹಾಕಿ.

ಮೊಬೈಲಿನಲ್ಲಿ ಹಿಡಿಯುವುದಾದರೆ ದೀಪ ಹಾಕಿ, ಹೊದಿಕೆ ಸರಿಸಿ, ಮೊದಲು ಮುಖ, ಆಮೇಲೆ ಇಡೀ ದೇಹ ಹಿಡಿಯಿರಿ. ಕತ್ತಲಲ್ಲಿ ತೆಗೆದದ್ದು, ಹೊದಿಕೆಯ ಮೇಲಿಂದ ತೆಗೆದದ್ದು ಪ್ರಯೋಜನಕ್ಕೆ ಬಾರದು. ಹೆಸರು ಹಿಡಿದು ಕರೆಯಿರಿ, “ಕೈ ಎತ್ತು” ಎನ್ನಿ, ಒಂದು ಪದ ಹೇಳಿ ಆಮೇಲೆ ನೆನಪಿದೆಯೇ ಎಂದು ಕೇಳಿ. ಎಚ್ಚರ ಎಷ್ಟಿತ್ತೆಂದು ತಿಳಿಯುವುದು ಇದರಿಂದ. ಪೂರ್ತಿ ಸುಧಾರಿಸಿಕೊಳ್ಳುವವರೆಗೂ ದಾಖಲೆ ನಿಲ್ಲಿಸಬೇಡಿ. ಕೋಣೆಯಲ್ಲಿ ಒಬ್ಬರೇ ಇದ್ದರೆ ಫೋನು ದಿಂಬಿಗೆ ಒರಗಿಸಿ ಇಡಿ. ವಿಡಿಯೊಗಿಂತ ಕೈಗಳ ಕೆಲಸ ಮುಖ್ಯ.

ಫಿಟ್ಸ್ ಬಂದಾಗ

ಮೊದಲು ಗಡಿಯಾರ ನೋಡಿ. ಭಯದಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಕಾಣುತ್ತದೆ, ಅಂದಾಜು ನಂಬಬೇಡಿ. ದೀಪ ಹಾಕಿ, ದಿಂಬು ಎಳೆದುಹಾಕಿ, ಕತ್ತಿನ ಬಳಿ ಬಿಗಿಯಾದದ್ದು ಸಡಿಲಿಸಿ. ಬೋರಲಾಗಿದ್ದರೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಮಗ್ಗುಲಿಗೆ ತಿರುಗಿಸಿ. ಮೈ ಸೆಟೆದು ಆಗದಿದ್ದರೆ ಕನಿಷ್ಠ ಮೂಗು ಬಾಯಿ ಹಾಸಿಗೆಗೆ ಒತ್ತದಂತೆ ಮುಖ ಹೊರಳಿಸಿ. ಹಾಸಿಗೆಯ ಅಂಚಿನಲ್ಲಿದ್ದರೆ ನಿಮ್ಮ ಮೈಯನ್ನೇ ತಡೆಯಾಗಿಟ್ಟು ನಿಲ್ಲಿ.

ಅದುರುವ ಕೈಕಾಲುಗಳನ್ನು ಒತ್ತಿಹಿಡಿಯಬೇಡಿ, ಮೂಳೆ ಮುರಿಯುತ್ತದೆ. ಬಾಯಿಗೆ ಚಮಚ, ಬಟ್ಟೆ, ಬೆರಳು ಯಾವುದೂ ಬೇಡ. ನಾಲಿಗೆ ನುಂಗಿಹೋಗುತ್ತದೆ ಎಂಬುದು ಸುಳ್ಳು. ಕಚ್ಚಿಕೊಳ್ಳುವುದಿದ್ದರೆ ಮೊದಲ ಬಿಗಿತದಲ್ಲೇ ಕಚ್ಚಿಯಾಗಿರುತ್ತದೆ, ಆಮೇಲೆ ನೀವು ತುರುಕುವುದು ಹಲ್ಲು ಮುರಿಯಲಿಕ್ಕಷ್ಟೇ. ಶುರುವಿನಲ್ಲಿ ತುಟಿ ನೀಲಿಗಟ್ಟಿದರೆ ಎದೆಗುಂದಬೇಡಿ. ಉಸಿರಿನ ಸ್ನಾಯುಗಳೂ ಸೆಟೆದಿರುವುದರಿಂದ ಹಾಗಾಗುತ್ತದೆ. ಹೆಚ್ಚಿನ ದೊಡ್ಡ ಫಿಟ್ಸ್ ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ.

ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸಿ. ವಿಧಾನ ಹೀಗೆ: ಪಕ್ಕದಲ್ಲಿ ಮಂಡಿಯೂರಿ. ನಿಮ್ಮ ಕಡೆಯ ಕೈಯನ್ನು ಭುಜಕ್ಕೆ ನೇರವಾಗಿ ಹೊರಕ್ಕೆ ಚಾಚಿಸಿ. ಆ ಕಡೆಯ ಕೈಯನ್ನು ಎದೆಯ ಮೇಲಿಂದ ತಂದು ಅಂಗೈಯ ಹಿಂಭಾಗ ಈ ಕಡೆಯ ಕೆನ್ನೆಗೆ ತಾಗುವಂತೆ ಹಿಡಿದುಕೊಳ್ಳಿ. ಆ ಕಡೆಯ ಮಂಡಿ ಮಡಿಸಿ, ಅದನ್ನೇ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಇಡೀ ದೇಹ ಉರುಳುತ್ತದೆ. ಗದ್ದ ಎತ್ತಿ ತಲೆಯನ್ನು ಕೊಂಚ ಹಿಂದಕ್ಕೆ ಬಾಗಿಸಿ, ಜೊಲ್ಲು ಹೊರಗೆ ಹರಿಯುವಂತೆ ಬಾಯಿ ಕೆಳಮುಖವಾಗಿರಲಿ.

ಈಗ ಎದೆ ನೋಡಿ. ಏರುತ್ತಿದೆಯೇ, ಇಳಿಯುತ್ತಿದೆಯೇ? ಮೂಗಿನ ಬಳಿ ಕೆನ್ನೆಯಿಟ್ಟು ಉಸಿರು ತಾಗುತ್ತದೆಯೇ ನೋಡಿ. ಗೊರಕೆಯಂಥ ಜೋರು ಉಸಿರು ಸರಿ. ಒಂದು ಸಲ ಬಾಯಿ ತೆರೆದು ಎಳೆದು ಸುಮ್ಮನಾಗುವುದು ಉಸಿರಾಟವಲ್ಲ. ಭುಜ ಅಲುಗಿಸಿ, ಹೆಸರು ಕರೆಯಿರಿ. ಆ ಅಲುಗಿಸುವಿಕೆಯೇ ಉಸಿರನ್ನು ಎಬ್ಬಿಸಬಹುದು. ಆದರೂ ಉಸಿರಿಲ್ಲವೆಂದರೆ ಆಂಬುಲೆನ್ಸ್‌ಗೆ ಕರೆ ಹೋಗಲಿ, ಅಂಗಾತ ಗಟ್ಟಿ ನೆಲಕ್ಕೆ ಇಳಿಸಿ ಎದೆಯ ನಡುವೆ 5-6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಈ ಅಳತೆ ದೊಡ್ಡವರಿಗೆ. ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಉಸಿರು ಸರಿಯಿದ್ದರೂ, ಹೆಸರು ಹೇಳಿ ಗುರುತು ಹಿಡಿಯುವವರೆಗೆ ಪಕ್ಕದಲ್ಲೇ ಕೂತಿರಿ. ಅರ್ಧ ಗಂಟೆ ಹಿಡಿದರೂ ಅಚ್ಚರಿಯಿಲ್ಲ. ಆ ಮಂಕಿನಲ್ಲಿ ಕೆಲವರು ಎದ್ದು ನಡೆಯುತ್ತಾರೆ, ತಡೆದರೆ ತಳ್ಳುತ್ತಾರೆ. ಹಿಡಿದೆಳೆಯದೆ ಬಾಗಿಲು, ಮೆಟ್ಟಿಲುಗಳ ಕಡೆ ಅಡ್ಡ ನಿಂತು ಮೆಲ್ಲಗೆ ಮಾತಾಡಿ.

ಆಂಬುಲೆನ್ಸ್ ಕರೆಯಬೇಕಾದ ಸಂದರ್ಭಗಳು:
- ಅದುರುವಿಕೆ 5 ನಿಮಿಷ ದಾಟಿದರೆ
- ಎಚ್ಚರ ಮರಳುವ ಮುಂಚೆ ಇನ್ನೊಂದು ಬಂದರೆ
- ನಿಂತ ಮೇಲೂ ಉಸಿರು ಸರಿಯಾಗದಿದ್ದರೆ, ನೀಲಿ ಬಣ್ಣ ಹೋಗದಿದ್ದರೆ
- ಜೀವನದಲ್ಲಿ ಇದೇ ಮೊದಲ ಸಲವಾದರೆ
- ಗರ್ಭಿಣಿಯಾದರೆ, ಸಕ್ಕರೆ ಕಾಯಿಲೆ ಇದ್ದರೆ, ತಲೆಗೆ ಪೆಟ್ಟಾದರೆ

ತುರ್ತಿಗೆಂದು ವೈದ್ಯರು ಫಿಟ್ಸ್ ನಿಲ್ಲಿಸುವ ಔಷಧಿ ಮಿಡಾಜೋಲಮ್ ಬರೆದುಕೊಟ್ಟಿದ್ದರೆ ಎಷ್ಟನೇ ನಿಮಿಷಕ್ಕೆ, ಎಷ್ಟು ಎಂದು ಅದೇ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮೂಗಿನ ಸ್ಪ್ರೇಗಳಲ್ಲಿ ಒಂದು ಒತ್ತಿಗೆ ಬರುವ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ. ಬ್ರ್ಯಾಂಡ್ ಬದಲಾದರೆ ಒತ್ತುಗಳ ಲೆಕ್ಕವನ್ನೂ ಹೊಸದಾಗಿ ಕೇಳಿ. ಬಾಯಿಗೆ ಕೊಡುವ ದ್ರವವಾದರೆ ಅದು ಕುಡಿಸುವುದಲ್ಲ, ಕೆನ್ನೆ ಮತ್ತು ವಸಡಿನ ನಡುವೆ ನಿಧಾನವಾಗಿ ಬಿಡುವುದು. ಕೊಟ್ಟ ಮೇಲೆ ಉಸಿರಿನ ಮೇಲೆ ಇನ್ನೂ ಹೆಚ್ಚು ನಿಗಾ ಬೇಕು.

ಉಸಿರಿಗೆ ಇಷ್ಟು ಒತ್ತು ಏಕೆ

ಅಪಸ್ಮಾರ ಇರುವವರಲ್ಲಿ ಅಪರೂಪಕ್ಕೆ ದಿಢೀರ್ ಸಾವು ಸಂಭವಿಸುತ್ತದೆ. ಸುಡೆಪ್ ಎಂದು ಅದರ ಹೆಸರು. ವರ್ಷಕ್ಕೆ ದೊಡ್ಡವರಲ್ಲಿ 1000ಕ್ಕೆ ಒಬ್ಬರು, ಮಕ್ಕಳಲ್ಲಿ 4500ಕ್ಕೆ ಒಬ್ಬರು ಎಂಬುದು ಒಪ್ಪಿತ ಅಂದಾಜು. ಹೇಳಿ ಹೆದರಿಸುವುದೇಕೆ ಎಂದು ಇದನ್ನು ಮುಚ್ಚಿಡುವವರಿದ್ದಾರೆ. ಅದು ತಪ್ಪು, ಏಕೆಂದರೆ ಅಪಾಯ ಕಡಿಮೆಮಾಡುವ ದಾರಿಗಳಿವೆ. ಆಸ್ಪತ್ರೆಗಳ ಎಪಿಲೆಪ್ಸಿ ನಿಗಾ ಘಟಕಗಳಲ್ಲೇ ನಡೆದ ಇಂಥ ಸಾವುಗಳ ದಾಖಲೆಗಳನ್ನು ಪರಿಶೀಲಿಸಿದ ಮೋರ್ಟೆಮಸ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ಕಂಡ ಕ್ರಮ ಒಂದೇ: ದೊಡ್ಡ ಫಿಟ್ಸ್, ಅದು ನಿಂತ ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲುವುದು, ಆಮೇಲೆ ಹೃದಯ. ಹೆಚ್ಚಿನವು ರಾತ್ರಿಯಲ್ಲಿ, ಬೋರಲು ಮಲಗಿದವರಲ್ಲಿ. ಹೊರಳಿಸುವುದು, ಅಲುಗಿಸಿ ಎಬ್ಬಿಸುವುದು, ಉಸಿರು ನೋಡುವುದು ಇವೆಲ್ಲಕ್ಕೂ ಆಧಾರ ಇದೇ. ವರ್ಷಕ್ಕೆ ಮೂರು ಅಥವಾ ಹೆಚ್ಚು ದೊಡ್ಡ ಫಿಟ್ಸ್ ಬರುವವರಿಗೆ, ರಾತ್ರಿ ಒಬ್ಬರೇ ಮಲಗುವವರಿಗೆ ಅಪಾಯ ಹೆಚ್ಚು.

ಕೋಣೆ, ಹಾಸಿಗೆ, ಅಲಾರಂ

ಮಂಚ ತಗ್ಗಾಗಿರಲಿ, ಇಲ್ಲವೇ ನೆಲದ ಹಾಸಿಗೆಯೇ ಆಗಲಿ. ಎರಡಂತಸ್ತಿನ ಮಂಚದ ಮೇಲ್ಭಾಗ ಬೇಡವೇ ಬೇಡ. ಗೋಡೆಗೂ ಹಾಸಿಗೆಗೂ ನಡುವೆ ಮುಖ ಸಿಕ್ಕಿಕೊಳ್ಳುವಂಥ ಸಂದು ಉಳಿಸಬೇಡಿ. ಪಕ್ಕದ ಮೇಜು, ಗಾಜಿನ ಲೋಟ, ಹೀಟರ್ ಕೈಗೆ ಸಿಗದಷ್ಟು ದೂರಕ್ಕೆ ಹೋಗಲಿ. ಕೋಣೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು. ತೆಳು, ಗಟ್ಟಿ ದಿಂಬು ಮೆತ್ತನೆಯದಕ್ಕಿಂತ ವಾಸಿ. “ಉಸಿರುಗಟ್ಟದ ದಿಂಬು” ಎಂದು ಮಾರುವುದರ ಮೇಲೆ ಭಾರ ಹಾಕಿ ಕೂರಬೇಡಿ, ಅದು ಜೀವ ಉಳಿಸುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ.

ಹಾಸಿಗೆಯಡಿ ಇಡುವ ಕಂಪನ ಸಂವೇದಕ, ಮಣಿಕಟ್ಟಿನ ಅಥವಾ ತೋಳಿನ ಪಟ್ಟಿ, ಇವು ತಾಳಬದ್ಧವಾಗಿ ಅದುರುವ ದೊಡ್ಡ ಫಿಟ್ಸ್ ಹಿಡಿಯುತ್ತವೆ. ಸಣ್ಣದನ್ನು, ಬರೀ ಸೆಟೆಯುವುದನ್ನು ಬಿಟ್ಟುಬಿಡುತ್ತವೆ. ಹೊರಳಾಟಕ್ಕೂ ಕೂಗುವುದರಿಂದ ಮೊದಲ ವಾರ ತಲೆನೋವೇ, ಸಂವೇದನೆಯ ಮಟ್ಟ ಹೊಂದಿಸುತ್ತಾ ಹೋಗಬೇಕು. ಅಲಾರಂ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದು: ಅದು ಕೂಗಿದರೆ ಒಂದೆರಡು ನಿಮಿಷದೊಳಗೆ ಬಂದು ಮುಟ್ಟುವವರು ಯಾರು? ಅಂಥವರಿಲ್ಲದಿದ್ದರೆ ಆ ಹಣ ವ್ಯರ್ಥ. ಬಾಗಿಲು ತೆರೆದಿಟ್ಟು ಪಕ್ಕದ ಕೋಣೆಯಲ್ಲಿ ಒಬ್ಬರು ಮಲಗುವುದು ಯಾವ ಯಂತ್ರಕ್ಕೂ ಕಡಿಮೆಯಿಲ್ಲ.

ಪರೀಕ್ಷೆ

ಅರ್ಧ ಗಂಟೆಯ ಸಾಮಾನ್ಯ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಸರಿಯಿದೆ ಎಂದರೆ ಅಪಸ್ಮಾರ ಇಲ್ಲವೆಂದಲ್ಲ. ನಿದ್ದೆಗೆಡಿಸಿ, ಆಮೇಲೆ ನಿದ್ದೆಯಲ್ಲೇ ತೆಗೆದ ಇಇಜಿ ಹೆಚ್ಚು ಹೇಳುತ್ತದೆ. ನಿದ್ದೆಗೆಡುವುದೇ ಫಿಟ್ಸ್ ತರಿಸಬಹುದಾದ್ದರಿಂದ ಹಿಂದಿನ ರಾತ್ರಿ ಜೊತೆಗೊಬ್ಬರಿರಲಿ. ಅಂದು ಮಾತ್ರೆ ನಿಲ್ಲಿಸಬೇಕೇ ಎಂಬುದನ್ನು ನೀವಾಗಿ ತೀರ್ಮಾನಿಸಬೇಡಿ. ಗೊಂದಲ ಬಗೆಹರಿಯದಿದ್ದರೆ ಆಸ್ಪತ್ರೆಯಲ್ಲಿ ಕೆಲವು ದಿನ ವಿಡಿಯೊ-ಇಇಜಿ. ಹೈಪರ್‌ಮೋಟರ್ ಬಗೆಯಲ್ಲಿ ಮೂಲ ಆಳದಲ್ಲಿರುವುದರಿಂದ ಫಿಟ್ಸ್ ನಡೆಯುತ್ತಿರುವಾಗಲೂ ನೆತ್ತಿಯ ಇಇಜಿ ಸುಮ್ಮನಿರಬಹುದು. ಎಂಆರ್‌ಐ ಬರೆಸುವಾಗ ಎಪಿಲೆಪ್ಸಿ ಪ್ರೋಟೋಕಾಲ್ ಎಂದೇ ಬರೆಸಿ, ದಪ್ಪ ಪದರಗಳ ಸಾಮಾನ್ಯ ಸ್ಕ್ಯಾನಿನಲ್ಲಿ ಸಣ್ಣ ದೋಷಗಳು ಜಾರಿಹೋಗುತ್ತವೆ.

ಮಾತ್ರೆ

ಸರಿಯಾದ ಔಷಧಿ ಸಿಕ್ಕರೆ ಹತ್ತರಲ್ಲಿ ಏಳು ಜನರಿಗೆ ಫಿಟ್ಸ್ ನಿಲ್ಲುತ್ತದೆ. ಯಾವುದು ಸರಿ ಎಂಬುದು ಬಗೆಯ ಮೇಲೆ. ಹೈಪರ್‌ಮೋಟರ್ ಬಗೆಗೆ ಮಲಗುವಾಗ ಕೊಡುವ ಕಾರ್ಬಮಜೆಪಿನ್ ಅನೇಕರಿಗೆ ಚೆನ್ನಾಗಿ ಹಿಡಿಯುತ್ತದೆ. ಅದೇ ಮಾತ್ರೆ ಬೆಳಗಿನ ಜಗ್ಗುಗಳಿರುವ ಹದಿಹರೆಯದವರಿಗೆ ಕೊಟ್ಟರೆ ಜಗ್ಗು ಹೆಚ್ಚಬಹುದು. ಫಿಟ್ಸ್ ರಾತ್ರಿಯೇ ಬರುವವರಿಗೆ ಹಗಲಿನ ಡೋಸ್ ಚಿಕ್ಕದು, ರಾತ್ರಿಯದು ದೊಡ್ಡದು ಮಾಡುವ ಪದ್ಧತಿಯಿದೆ. ಅದರ ಬಗ್ಗೆ ವೈದ್ಯರನ್ನು ಕೇಳಿ, ಕೈಯಾರೆ ಬದಲಿಸಬೇಡಿ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿಮಾಡಿದರೆ ರಾತ್ರಿಯಿಡೀ ಹಂಚಿಹೋಗಬೇಕಾದ ಔಷಧಿ ಒಮ್ಮೆಲೇ ಇಳಿದು, ಬೆಳಗಿನ ಜಾವಕ್ಕೆ ರಕ್ಷಣೆ ಉಳಿಯುವುದಿಲ್ಲ.

ಕಾರ್ಬಮಜೆಪಿನ್, ಲ್ಯಾಮೋಟ್ರಿಜಿನ್, ಫೆನಿಟೋಯಿನ್ ಶುರುಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು, ಬಾಯಿ ಹುಣ್ಣು, ಜ್ವರ ಬಂದರೆ ಅಂದೇ ವೈದ್ಯರಿಗೆ ತೋರಿಸಿ. ಮಗು ಪಡೆಯುವ ವಯಸ್ಸಿನ ಹೆಣ್ಣುಮಕ್ಕಳಿಗೆ ವ್ಯಾಲ್ಪ್ರೊಯೇಟ್ ಬರೆದಿದ್ದರೆ ಗರ್ಭದ ಶಿಶುವಿಗಾಗುವ ಅಪಾಯದ ಮಾತು ಮೊದಲೇ ಆಗಬೇಕು. ಕಾರ್ಬಮಜೆಪಿನ್ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ ಎಂಬುದೂ ಗೊತ್ತಿರಲಿ. ಲೆವೆಟಿರಸಿಟಮ್ ಶುರುವಾದ ಮೇಲೆ ಸಿಡುಕು ಹೆಚ್ಚಿದರೆ ಅದು ಸ್ವಭಾವವಲ್ಲ, ಔಷಧಿಯ ಅಡ್ಡಪರಿಣಾಮವಿರಬಹುದು.

ಒಂದು ತಿಂಗಳು ಫಿಟ್ಸ್ ಬರಲಿಲ್ಲವೆಂದು ನಿಲ್ಲಿಸುವುದು ಮತ್ತೆ ಮತ್ತೆ ಕಾಣುವ ಅನಾಹುತ. ಹಠಾತ್ತನೆ ಬಿಟ್ಟರೆ ಒಂದರ ಹಿಂದೊಂದು ಬಿಡದೆ ಬರುವ ಫಿಟ್ಸ್‌ಗೆ ದಾರಿಯಾಗುತ್ತದೆ. ವಾರದ ಖಾನೆಗಳ ಮಾತ್ರೆಡಬ್ಬಿ ಇಡಿ. ತೆಗೆದುಕೊಂಡೆನೋ ಇಲ್ಲವೋ ಎಂಬ ಪ್ರಶ್ನೆಗೆ ಖಾಲಿ ಖಾನೆಯೇ ಉತ್ತರ. ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ನಿಲ್ಲದಿದ್ದರೆ ಮೂರನೆಯದು, ನಾಲ್ಕನೆಯದು ಎಂದು ವರ್ಷ ಕಳೆಯದೆ ಶಸ್ತ್ರಚಿಕಿತ್ಸೆಯ ಸಾಧ್ಯತೆ ನೋಡುವ ಎಪಿಲೆಪ್ಸಿ ಕೇಂದ್ರಕ್ಕೆ ಹೋಗಿ.

ಫಿಟ್ಸ್ ಕೆರಳಿಸುವ ಸಂಗತಿಗಳು

ನಿದ್ದೆಗೇಡು ಎಲ್ಲಕ್ಕಿಂತ ದೊಡ್ಡದು. ರಜೆಯ ದಿನವೂ ಮಲಗುವ, ಏಳುವ ಹೊತ್ತು ಒಂದೇ ಇರಲಿ. ಪಾಳಿ ಬದಲಾಗುತ್ತಲೇ ಇರುವ ಕೆಲಸವಾದರೆ ವೈದ್ಯರಿಂದ ಪತ್ರ ಪಡೆದು ರಾತ್ರಿ ಪಾಳಿ ಬಿಡಿಸಿಕೊಳ್ಳಿ. ಮದ್ಯ ಕುಡಿದಾಗಕ್ಕಿಂತ ಅದರ ಅಮಲು ಇಳಿಯುವಾಗ ಅಪಾಯ ಹೆಚ್ಚು. ಅತಿಯಾಗಿ ಕುಡಿಯುವವರು ನಿಲ್ಲಿಸಿದ 6ರಿಂದ 48 ಗಂಟೆಗಳ ನಡುವೆ ಫಿಟ್ಸ್ ಬರುವುದು ಹೆಚ್ಚು. ನೋವಿಗೆ ಕೊಡುವ ಟ್ರಮಡಾಲ್, ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಕೂಡ ಕೆರಳಿಸುತ್ತವೆ, ಹಾಗಾಗಿ ಹಲ್ಲಿನ ವೈದ್ಯರಿಗೂ ಅಪಸ್ಮಾರದ ವಿಷಯ ಹೇಳಿ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಲೀಪ್ ಅಪ್ನಿಯಾ ಪರೀಕ್ಷೆ ಆಗಲಿ. ಅದಕ್ಕೆ ಚಿಕಿತ್ಸೆ ಮಾಡಿದ ಮೇಲೆ ಫಿಟ್ಸ್ ಇಳಿದವರಿದ್ದಾರೆ.

ಡೈರಿ ಬರೆಯುವುದಾದರೆ ಉದ್ದ ಬೇಡ. ಒಂದು ಸಾಲು ಸಾಕು: “ಮಂಗಳವಾರ, 4:40, ಬಲಗೈ ಮೊದಲು, ಆಮೇಲೆ ಇಡೀ ಮೈ, 2 ನಿಮಿಷ, ನಾಲಿಗೆ ಎಡ ಅಂಚು ಗಾಯ, 5:10ಕ್ಕೆ ಹೆಸರು ಹೇಳಿದ, ಹಿಂದಿನ ರಾತ್ರಿ ಮಲಗಿದ್ದು 1ಕ್ಕೆ, ರಾತ್ರಿ ಮಾತ್ರೆ ತಪ್ಪಿತ್ತು.” ಏನೂ ಆಗದ ರಾತ್ರಿಗೆ ಒಂದು ಸೊನ್ನೆ ಹಾಕಿ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ವೈದ್ಯರು ಕೇಳಿದಾಗ ತೋರಿಸಬೇಕಾದದ್ದು ಆ ಸೊನ್ನೆಗಳ ಸಾಲನ್ನೂ ಸೇರಿಸಿ.